ಸಂಜೆ ಆರೂವರೆಯ ಮೇಲೆ

(ಇಬ್ಬರೂ ಸಾಗರ ಸೀಮೆಯವರು. ಹಿರಿಯರು ಸರ್ಕಾರಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿದ್ದು ನಿವೃತ್ತರಾದವರು, ಕುಡಿತ ಬಿಟ್ಟು ಬಹಳ ವರ್ಷಗಳಾದವು. ಕಿರಿಯವನು ಮನೆ ವೈರಿಂಗ್ ಕೆಲಸದವನು. ಅವನು ಬಿಟ್ಟು ಇನ್ನೂ ಎರಡು ತಿಂಗಳು ತುಂಬಿಲ್ಲ.)

— ಅಣ್ಣಾ, ಒಂದು ವಿಷಯ ಇದೆ. ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ನಾನು ಬಿಟ್ಟಿದ್ದೀನಿ ಅಂತ ಊರಿಗೆಲ್ಲ ಗೊತ್ತು. ಒಂದು ಹನಿ ಮುಟ್ಟಿಲ್ಲ, ಅದೂ ನಿಜ. ಆದ್ರೆ ತಲೆಯೊಳಗೆ ದಿನಾ ಕುಡೀತಿದ್ದೀನಿ.

— ಯಾವ ಹೊತ್ತಿಗೆ?

— ಸಂಜೆ ಆರೂವರೆ. ಕೆಲಸ ನಿಲ್ಲಿಸಿ ಟೆಸ್ಟರು, ಪ್ಲೈಯರು ಎಲ್ಲ ಚೀಲಕ್ಕೆ ಹಾಕ್ತೀನಲ್ಲ, ಚೀಲದ ಜಿಪ್ ಎಳೆದ ಕೂಡಲೇ ಶುರು. ಬಾಯಲ್ಲಿ ನೀರು ಬರುತ್ತೆ. ಇಲ್ಲಿ, ಗಂಟಲ ಹತ್ರ ಬಿಸಿ ಆಗುತ್ತೆ. ಬೈಕು ತಾನಾಗೇ ಬಸ್‌ಸ್ಟ್ಯಾಂಡ್ ಕಡೆ ತಿರುಗ್ತದೇನೋ ಅನ್ನಿಸುತ್ತೆ.

— ಬೆಳಿಗ್ಗೆ?

— ಬೆಳಿಗ್ಗೆ ಏನೂ ಇಲ್ಲ. ಮಧ್ಯಾಹ್ನ ಊಟ ಆಗೋವರೆಗೂ ನಾನು ಯಾವತ್ತೂ ಕುಡಿದೇ ಇಲ್ಲವೇನೋ ಅನ್ನೋ ಹಾಗಿರ್ತೀನಿ. ಆಸ್ಪತ್ರೆಯಿಂದ ಬಂದ ಮೊದಲ ವಾರ ಇಷ್ಟು ಇರಲಿಲ್ಲ. ಈಗ ಜಾಸ್ತಿ ಆಗ್ತಿದೆ. ಅದಕ್ಕೇ ಹೆದರಿಕೆ. ಇದು ಸೋಲೋದಕ್ಕೆ ಮುಂಚಿನ ಸೂಚನೆಯೇ?

— ಮೊದಲು ಇದನ್ನ ಕೇಳು. ಯೋಚನೆ ಬರೋದು ಸೋಲಲ್ಲ. ಅದು ಬರದಿದ್ರೇ ಆಶ್ಚರ್ಯಪಡಬೇಕಿತ್ತು. ಹತ್ತು ಹನ್ನೆರಡು ವರ್ಷ ದಿನಾ ಅದೇ ಹೊತ್ತಿಗೆ, ಅದೇ ಬ್ಯಾಗು ಮುಚ್ಚಿ, ಅದೇ ದಾರಿಯಲ್ಲಿ ಹೋಗಿ ಕುಡಿದಿದ್ದೀಯ. ಪಾವ್ಲೋವ್ ಅನ್ನೋ ರಷ್ಯದ ವಿಜ್ಞಾನಿಯ ನಾಯಿ ವಿಚಾರ ಶಾಲೆಯಲ್ಲಿ ಓದಿರ್ತೀಯ. ಊಟದ ಮುಂಚೆ ಸಪ್ಪಳ ಕೇಳಿ ಕೇಳಿ, ಆಮೇಲೆ ಬರೀ ಸಪ್ಪಳಕ್ಕೇ ಅದಕ್ಕೆ ಜೊಲ್ಲು ಬರ್ತಿತ್ತು. ನಿನ್ನ ಬಾಯಲ್ಲಿ ನೀರು ಬರೋದೂ ಹಾಗೇ. ಅದು ನಿನ್ನ ಚಾರಿತ್ರ್ಯ ಅಲ್ಲ. ದೇಹ ಕಲಿತ ಪಾಠ. ಕಲಿತದ್ದು ಮಾಸೋದಕ್ಕೆ ಕಾಲ ಬೇಕು.

— ಮೊದಲ ವಾರ ಯಾಕೆ ಇರಲಿಲ್ಲ ಹಾಗಾದ್ರೆ?

— ಮೊದಲ ವಾರ ದೇಹಕ್ಕೆ ಬದುಕೋದೇ ಕೆಲಸ. ಕೈ ನಡುಗ್ತಿತ್ತಾ?

— ನಡುಗ್ತಿತ್ತಾ ಅಂತಲೇ! ಲೋಟ ಹಿಡಿಯೋಕಾಗ್ತಿರಲಿಲ್ಲ. ಎರಡನೇ ರಾತ್ರಿ ಗೋಡೆ ಮೇಲೆ ಹುಳ ಹರಿದಾಡ್ತಿದ್ದವು. ಹೆಂಡತಿ ಏನೂ ಇಲ್ಲ ಅಂದ್ರೂ ನಂಬಲಿಲ್ಲ.

— ನೋಡು, ಅದಕ್ಕೇ ನಾನು ಎಲ್ಲರಿಗೂ ಹೇಳೋದು: ದಿನಾ ಜೋರಾಗಿ ಕುಡಿಯೋರು ಮನೆಯಲ್ಲಿ ಒಂದೇ ಸಲಕ್ಕೆ ನಿಲ್ಲಿಸಬಾರದು. ನಿಲ್ಲಿಸಿದ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಬುದ್ಧಿ ಕಲಸಿ ಹೋಗಬಹುದು, ಜೀವಕ್ಕೇ ಅಪಾಯ. ಡಾಕ್ಟರು ಅದಕ್ಕೆ ಮಾತ್ರೆ ಕೊಟ್ಟು ನಿಧಾನ ಇಳಿಸ್ತಾರೆ, ಬಿ ಒಂದು ಅನ್ನೋ ವಿಟಮಿನ್ ಸೂಜಿ ಹಾಕ್ತಾರೆ. ನೀನು ಆಸ್ಪತ್ರೆಗೆ ಹೋದದ್ದು ಒಳ್ಳೇದಾಯ್ತು. ಆ ಗಲಾಟೆ ಒಂದು ವಾರಕ್ಕೆ ಮುಗೀತು. ಈಗ ದೇಹ ಸುಮ್ಮನಾಗಿದೆ. ಸುಮ್ಮನಾದ ಮೇಲೆ ಮನಸ್ಸಿನ ಸದ್ದು ಕೇಳ್ತಿದೆ. ನಿದ್ದೆ ಸರಿ ಬರ್ತಿಲ್ಲ ಅಲ್ವಾ?

— ಮೂರು ಗಂಟೆಗೆ ಎಚ್ಚರ ಆಗುತ್ತೆ. ಇಲ್ಲಾಂದ್ರೆ ಕನಸು. ಕನಸಿನಲ್ಲಿ ಕುಡಿದುಬಿಟ್ಟಿರ್ತೀನಿ ಅಣ್ಣ. ಎದ್ದ ಮೇಲೂ ಬಾಯಲ್ಲಿ ರುಚಿ ಇರುತ್ತೆ. ಧರ್ಮಸ್ಥಳದಲ್ಲಿ ಆಣೆ ಮಾಡಿ ಬಂದೋನು ನಾನು. ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ ಅಂತಾರೆ. ಈ ಕನಸು, ಈ ಯೋಚನೆ ಎಲ್ಲ ಆಣೆ ಮುರಿದ ಹಾಗೇ ಆಯ್ತಾ ಅಂತ ಎದ್ದು ಕೂತು ಬೆವರ್ತೀನಿ.

— ನೀನು ಏನಂತ ಆಣೆ ಮಾಡಿದ್ದೆ?

— ಇನ್ನು ಕುಡಿಯೋದಿಲ್ಲ ಅಂತ.

— ಕುಡೀಬೇಕು ಅಂತ ಅನ್ನಿಸೋದೇ ಇಲ್ಲ ಅಂತ ಆಣೆ ಮಾಡಿದ್ಯಾ?

— ಇಲ್ಲ.

— ಅಂಥ ಆಣೆ ಯಾವ ಮನುಷ್ಯನೂ ಮಾಡೋಕಾಗೋದಿಲ್ಲ, ಯಾವ ದೇವರೂ ಕೇಳೋದಿಲ್ಲ. ನೀನು ಮಾತು ಕೊಟ್ಟಿದ್ದು ಕೈಯ ಬಗ್ಗೆ, ಬಾಯಿಯ ಬಗ್ಗೆ. ಅದನ್ನ ಉಳಿಸ್ಕೊಂಡಿದ್ದೀಯ. ಬಿಟ್ಟವರಿಗೆ ಈ ಕನಸು ಸಾಮಾನ್ಯ. ಕನಸು ಕಂಡು ಬೆವರಿ ಎದ್ದೆ ಅಂದ್ರೆ ನಿನಗೆ ಕುಡಿಯೋದು ಬೇಡವಾಗಿದೆ ಅಂತಲೇ ಅರ್ಥ ಮಾಡ್ಕೋ. ಎದ್ದು ಸಮಾಧಾನ ಆಗುತ್ತಲ್ಲ, ‘ಅಬ್ಬ, ಕನಸು’ ಅಂತ?

— ಆಗುತ್ತೆ. ಒಂದೊಂದು ಸಲ ಬೇಜಾರೂ ಆಗುತ್ತೆ, ಕನಸೇ ಆಯ್ತಲ್ಲ ಅಂತ. ಅದನ್ನ ಹೇಳೋಕೆ ನಾಚಿಕೆ.

— ಹೇಳಿದ್ಯಲ್ಲ. ಒಳ್ಳೇದಾಯ್ತು. ಇದನ್ನ ಹೇಳದೆ ಒಳಗೆ ಇಟ್ಕೊಂಡು ತಿರುಗಾಡೋದೇ ನನಗೆ ಭಯ ಹುಟ್ಟಿಸೋದು, ಯೋಚನೆ ಅಲ್ಲ.

— ಯೋಚನೆ ಬಂದಾಗ ನಾನು ಏನು ಮಾಡ್ತೀನಿ ಗೊತ್ತಾ? ಹಲ್ಲು ಕಚ್ಚಿ ‘ಬೇಡ, ಬೇಡ, ಅದರ ನೆನಪೇ ಬೇಡ’ ಅಂತೀನಿ. ಎಲ್ಲರೂ ಹೇಳೋದು ಅದನ್ನೇ ತಾನೇ, ಮನಸ್ಸು ಗಟ್ಟಿ ಮಾಡ್ಕೋ ಅಂತ.

— ಮನಸ್ಸು ಗಟ್ಟಿ ಮಾಡ್ಕೋ ಅನ್ನೋ ಮಾತು ನನಗೆ ಕೇಳಿದ್ರೇ ಆಗೋದಿಲ್ಲ. ಹೇಳೋರಿಗೆ ಸುಲಭ, ಕೇಳಿಸ್ಕೊಳ್ಳೋನಿಗೆ ‘ನನ್ನದು ಮೆತ್ತಗಿನ ಮನಸ್ಸು’ ಅನ್ನೋ ಅವಮಾನ ಮಾತ್ರ ಉಳಿಯೋದು. ವೆಗ್ನರ್ ಅಂತ ಅಮೆರಿಕದ ಒಬ್ಬ ಮನಃಶಾಸ್ತ್ರಜ್ಞ 1987ರಲ್ಲಿ ಒಂದು ಪ್ರಯೋಗ ಪ್ರಕಟ ಮಾಡಿದ. ವಿದ್ಯಾರ್ಥಿಗಳನ್ನ ಕೂರಿಸಿ, ಐದು ನಿಮಿಷ ಬಿಳಿ ಕರಡಿ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದ್ರೆ ಗಂಟೆ ಹೊಡೀರಿ ಅಂದ. ಗಂಟೆ ಬಾರಿಸ್ತಾನೇ ಇದ್ರು. ಅಷ್ಟೇ ಅಲ್ಲ, ಆಮೇಲೆ ‘ಈಗ ಬೇಕಾದಷ್ಟು ಯೋಚಿಸಿ’ ಅಂದಾಗ, ಮೊದಲಿಂದಲೂ ಯೋಚಿಸೋಕೆ ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ನೆನಪಾಯ್ತು. ಬೇಡ ಅಂತ ಒತ್ತಿ ಹಿಡಿದದ್ದು ಕೈ ಬಿಟ್ಟ ಕೂಡಲೇ ಜೋರಾಗಿ ಬರುತ್ತೆ. ನೀನು ಆರೂವರೆಯಿಂದ ಒಂಬತ್ತರವರೆಗೆ ಹಲ್ಲು ಕಚ್ಚಿ ಕೂತ್ರೆ, ಎರಡೂವರೆ ಗಂಟೆ ಅದರ ಜೊತೆಗೇ ಕಳೆದ ಹಾಗಾಯ್ತು.

— ಹಾಗಾದ್ರೆ ಯೋಚಿಸ್ತಾ ಕೂರ್ಲಾ?

— ಅದೂ ಅಲ್ಲ. ಬಂತು ಅಂತ ಒಪ್ಕೋ. ‘ಸರಿ, ಬಂದಿದೆ. ಗಂಟಲ ಹತ್ರ ಬಿಸಿ ಇದೆ, ಬಾಯಲ್ಲಿ ನೀರಿದೆ, ಹೊಟ್ಟೆ ಹಿಂಡ್ತಿದೆ’ ಅಂತ ಎಲ್ಲಿ ಏನಾಗ್ತಿದೆ ಅನ್ನೋದನ್ನ ಗಮನಿಸು. ಅದರ ಜೊತೆ ವಾದ ಮಾಡ್ಬೇಡ, ಅದು ಹೇಳಿದ್ದನ್ನ ಮಾಡ್ಲೂಬೇಡ. ಮಾರ್ಲೆಟ್ ಅಂತ ಇನ್ನೊಬ್ಬ ಮನಃಶಾಸ್ತ್ರಜ್ಞ, ಸಿಯಾಟಲ್ ಊರಿನ ವಿಶ್ವವಿದ್ಯಾಲಯದಲ್ಲಿದ್ದವನು, ಕುಡಿತ ಬಿಟ್ಟವರು ಮತ್ತೆ ಯಾಕೆ ಜಾರ್ತಾರೆ ಅನ್ನೋದನ್ನೇ ಜೀವಮಾನ ಓದಿದವನು, ಈ ಬಯಕೆಯನ್ನ ಸಮುದ್ರದ ಅಲೆಗೆ ಹೋಲಿಸಿದ. ಏಳುತ್ತೆ, ಎತ್ತರಕ್ಕೆ ಹೋಗುತ್ತೆ, ಒಡೆಯುತ್ತೆ. ಎದೆ ಕೊಟ್ಟು ತಡೆಯೋಕೆ ಹೋದ್ರೆ ಬೀಳಿಸುತ್ತೆ, ಅದರ ಮೇಲೇ ತೇಲಿದ್ರೆ ದಡಕ್ಕೆ ಬಿಡುತ್ತೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತೆ. ನಾವು ಕುಡಿಯೋ ಕಾಲದಲ್ಲಿ ಅದು ಇಳಿಯೋದನ್ನ ನೋಡಿಯೇ ಇರೋದಿಲ್ಲ. ಏರೋವಾಗಲೇ ಕುಡಿದುಬಿಡ್ತೀವಿ, ಹಾಗಾಗಿ ಕುಡಿಯದೇ ಇದು ಇಳಿಯೋದೇ ಇಲ್ಲ ಅಂತ ನಂಬಿರ್ತೀವಿ.

— ಅಣ್ಣ, ಬೇಜಾರು ಮಾಡ್ಕೋಬೇಡಿ. ನನಗೆ ಅರ್ಧ ಗಂಟೆಗೆ ಮುಗಿಯೋದಿಲ್ಲ. ಇಳಿಯುತ್ತೆ, ಕಾಲು ಗಂಟೆಗೆ ಮತ್ತೆ ಬರುತ್ತೆ. ಒಂದೇ ಸಂಜೆ ನಾಲ್ಕೈದು ಸಲ.

— ಬೇಜಾರು ಯಾಕೆ, ನೀನು ಹೇಳ್ತಿರೋದು ಸರಿ. ಬೇಗ ಬೇಗ ಬರೋ ಕಾಲ ಇದು. ಒಂದೊಂದು ಸಲಾನೂ ಕುಡಿಯದೇ ಇಳಿದಾಗ ದೇಹ ಹೊಸ ಪಾಠ ಕಲಿಯುತ್ತೆ. ಆದ್ರೆ ನಾನು ಇದನ್ನ ಒಂದು ವಾರದಲ್ಲಿ ಹೋಗುತ್ತೆ ಅಂತ ಸುಳ್ಳು ಹೇಳೋದಿಲ್ಲ. ಅಮೆರಿಕದ ಡಾಕ್ಟರ್ ಬಾಬ್ ಅನ್ನೋರ ಹೆಸರು ಕೇಳಿದ್ದೀಯಾ?

— ಇಲ್ಲ.

— ಎ.ಎ. ಅಂತ ಕೇಳಿರ್ತೀಯ, ಆಲ್ಕೊಹಾಲಿಕ್ಸ್ ಅನಾನಿಮಸ್. ಕುಡಿತ ಬಿಟ್ಟವರು ಸೇರಿ ಮಾತಾಡೋ ಸಭೆ. ಅದು ಹುಟ್ಟಿದ್ದೇ ಇಂಥ ಒಂದು ಯೋಚನೆಯಿಂದ. 1935ರ ಮೇ ತಿಂಗಳು. ಬಿಲ್ ವಿಲ್ಸನ್ ಅಂತ ನ್ಯೂಯಾರ್ಕಿನವನು, ಹಿಂದಿನ ವರ್ಷದ ಡಿಸೆಂಬರಿನಲ್ಲಿ ಕುಡಿತ ಬಿಟ್ಟಿದ್ದ. ವ್ಯವಹಾರಕ್ಕೆ ಅಂತ ಒಹಾಯೊ ರಾಜ್ಯದ ಅಕ್ರಾನ್ ಊರಿಗೆ ಬಂದ. ವ್ಯವಹಾರ ಮುರಿದು ಬಿತ್ತು. ಜೇಬಲ್ಲಿ ಸುಮಾರು ಹತ್ತು ಡಾಲರು. ಮೇಫ್ಲವರ್ ಅನ್ನೋ ಹೋಟೆಲಿನ ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡ್ತಿದ್ದ. ಒಂದು ಕೊನೆಯಲ್ಲಿ ಬಾರು. ಒಳಗಿಂದ ನಗು, ಮಾತು ಕೇಳ್ತಿದೆ. ಇನ್ನೊಂದು ಕೊನೆಯಲ್ಲಿ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಪರಸ್ಥಳ, ಒಬ್ಬನೇ, ಸೋತು ಕೂತಿದ್ದಾನೆ. ನಿನಗೆ ಗೊತ್ತಲ್ಲ ಆ ಹೊತ್ತು ಹೇಗಿರುತ್ತೆ ಅಂತ.

— ಗೊತ್ತು. ಬಾರಿನ ಒಳಗಿನ ನಗು ಹೊರಗೆ ಕೇಳಿಸೋ ಹಾಗೆ ಬೇರೆ ಯಾವ ನಗೂನೂ ಕೇಳಿಸೋದಿಲ್ಲ.

— ಅವನು ಫೋನಿನ ಕಡೆ ನಡೆದ. ಗೊತ್ತಿಲ್ಲದ ಪಾದ್ರಿಗೆ ಫೋನ್ ಮಾಡಿ, ನಾನೊಬ್ಬ ಕುಡುಕ, ಇನ್ನೊಬ್ಬ ಕುಡುಕನ ಜೊತೆ ಮಾತಾಡ್ಬೇಕು ಅಂದ. ಅವರಿವರನ್ನ ದಾಟಿ ಕೊನೆಗೆ ಒಬ್ಬ ಹೆಣ್ಣುಮಗಳ ಮೂಲಕ ಡಾಕ್ಟರ್ ಬಾಬ್ ಸ್ಮಿತ್ ಸಿಕ್ಕಿದ್ರು. ಆ ಊರಿನ ಶಸ್ತ್ರವೈದ್ಯರು, ಕುಡಿತದಿಂದ ಎಲ್ಲ ಕಳ್ಕೊಳ್ತಾ ಇದ್ದವರು. ಹದಿನೈದು ನಿಮಿಷ ಅಷ್ಟೇ ಕೊಡ್ತೀನಿ ಅಂತ ಬಂದೋರು, ಸಂಜೆ ಐದಕ್ಕೆ ಕೂತವರು ರಾತ್ರಿ ಹನ್ನೊಂದರ ತನಕ ಎದ್ದಿಲ್ಲ. ಆಮೇಲೆ ಬಾಬ್ ಒಂದು ಸಲ ಜಾರಿದ್ರು. ಮತ್ತೆ ಎದ್ರು. ಅವರು ಕೊನೇ ಸಲ ಕುಡಿದ ದಿನ ಅಂತ ಹೇಳೋ 1935ರ ಜೂನ್ 10ನ್ನೇ ಎ.ಎ. ಹುಟ್ಟಿದ ದಿನ ಅಂತ ಲೆಕ್ಕ ಹಾಕ್ತಾರೆ. ಆ ಬಾಬ್ ತಮ್ಮ ಕಥೆ ಬರೆಯೋವಾಗ ಒಂದು ವಿಷಯ ಮುಚ್ಚಿಡಲಿಲ್ಲ. ಬಿಟ್ಟ ಮೇಲೆ ಎರಡೂವರೆ ವರ್ಷ ಆ ಬಯಕೆ ಹೆಚ್ಚುಕಮ್ಮಿ ಸದಾ ತಮ್ಮ ಜೊತೆಗೇ ಇತ್ತು ಅಂತ ಬರೆದಿದ್ದಾರೆ.

— ಎರಡೂವರೆ ವರ್ಷ!

— ಅವರಿಗೆ ಅಷ್ಟಾಯ್ತು. ಬಹಳ ಜನಕ್ಕೆ ಅದಕ್ಕಿಂತ ಎಷ್ಟೋ ಬೇಗ ಸಡಿಲ ಆಗುತ್ತೆ. ನಾನು ಹೇಳಿದ್ದು ನಿನ್ನನ್ನ ಹೆದರಿಸೋಕಲ್ಲ. ಆ ಎರಡೂವರೆ ವರ್ಷ ಅವರು ಕುಡೀಲಿಲ್ಲ. ಆ ಬಯಕೆ ತಲೆಯಲ್ಲಿ ಇಟ್ಕೊಂಡೇ ಬೇರೆ ಕುಡುಕರ ಹಾಸಿಗೆ ಪಕ್ಕ ಕೂತು ಚಿಕಿತ್ಸೆ ಮಾಡಿದ್ರು. 1950ರಲ್ಲಿ ತೀರಿಕೊಳ್ಳೋ ಹೊತ್ತಿಗೆ ಐದು ಸಾವಿರಕ್ಕೂ ಹೆಚ್ಚು ಜನಕ್ಕೆ ದುಡ್ಡು ತಗೊಳ್ಳದೆ ನೆರವಾಗಿದ್ರು. ತಲೆಯೊಳಗೆ ದಿನಾ ಕುಡೀತಿದ್ದೀನಿ ಅಂದ್ಯಲ್ಲ, ಅವರೂ ಹಾಗೇ ಹೇಳಬಹುದಿತ್ತು.

— ಇದನ್ನ ನನಗೆ ಯಾರೂ ಹೇಳಿರಲಿಲ್ಲ. ನಾನೊಬ್ಬನೇ ಹೀಗೆ ಅಂದ್ಕೊಂಡಿದ್ದೆ.

— ದೆಹಲಿಯ ಏಮ್ಸ್‌ನವರು ದೇಶವೆಲ್ಲ ಸಮೀಕ್ಷೆ ಮಾಡಿ 2019ರಲ್ಲಿ ವರದಿ ಕೊಟ್ರು. ಕುಡಿತದ ತೊಂದರೆಗೆ ನೆರವು ಬೇಕಾದವರು 5.7 ಕೋಟಿ ಅಂತ ಅದರಲ್ಲಿದೆ. ಕರ್ನಾಟಕದ ಜನಸಂಖ್ಯೆ ಹತ್ತಿರ ಬಂತು ನೋಡು. ನೀನೊಬ್ಬನೇ ಹೇಗಾಗ್ತೀಯ?

— ಆದ್ರೆ ಒಂದು ಅರ್ಥ ಆಗ್ತಿಲ್ಲ. ನಾನು ನಾಲ್ಕು ಸಲ ಅಯ್ಯಪ್ಪನ ಮಾಲೆ ಹಾಕಿದ್ದೀನಿ. ನಲವತ್ತೊಂದು ದಿನ ಮದ್ಯ ಇಲ್ಲ, ಮಾಂಸ ಇಲ್ಲ. ಅವಾಗೆಲ್ಲ ಈ ಯೋಚನೆ ಹೀಗೆ ಕಾಡ್ಲೇ ಇಲ್ಲ. ಅದೇ ಮನಸ್ಸು, ಅದೇ ಬಾಯಿ. ಈಗ ಯಾಕೆ ಹೀಗೆ?

— ಇದು ನೀನು ಕೇಳಿದ ಎಲ್ಲದಕ್ಕಿಂತ ದೊಡ್ಡ ಪ್ರಶ್ನೆ. ನಾನು ಇದರ ಬಗ್ಗೆ ಬಹಳ ಯೋಚಿಸಿದ್ದೀನಿ. ಮಾಲೆ ಹಾಕಿದಾಗ ನಿನ್ನ ಸಂಜೆ ಹೇಗಿರ್ತಿತ್ತು ಹೇಳು, ನಿಧಾನವಾಗಿ ಹೇಳು.

— ಸಂಜೆ ಬೇಗ ಕೆಲಸ ನಿಲ್ಲಿಸ್ತಿದ್ದೆ. ತಣ್ಣೀರ ಸ್ನಾನ. ಆರೂವರೆಗೆ ಗುಡಿಯಲ್ಲಿ ಸೇರ್ತಿದ್ವಿ, ನಾವು ಹದಿನೈದು ಇಪ್ಪತ್ತು ಜನ ಸ್ವಾಮಿಗಳು. ಪೂಜೆ, ಭಜನೆ, ಶರಣು ಕೂಗೋದು. ಎಂಟೂವರೆಗೆ ಪ್ರಸಾದ. ಬಂದು ಚಾಪೆ ಮೇಲೆ ಮಲಗಿದ್ರೆ ಬೆಳಿಗ್ಗೆ ನಾಲ್ಕಕ್ಕೇ ಎಚ್ಚರ.

— ನಿನ್ನನ್ನ ಏನಂತ ಕರೀತಿದ್ರು?

— ಸ್ವಾಮಿ ಅಂತ. ಚಿಕ್ಕ ಮಕ್ಕಳೂ ಸ್ವಾಮಿ ಅಂತಿದ್ರು. ಕುಡಿಯೋ ಫ್ರೆಂಡ್ಸು ಎದುರಿಗೆ ಸಿಕ್ಕಿದ್ರೆ ಅವರೇ ಲೋಟ ಮರೆ ಮಾಡ್ತಿದ್ರು.

— ನೋಡು. ಆರೂವರೆಗೆ ಹೋಗೋಕೆ ಒಂದು ಜಾಗ ಇತ್ತು. ಜೊತೆಗೆ ಜನ ಇದ್ರು, ಅವರದ್ದೂ ಅದೇ ವ್ರತ. ಮೈಮೇಲಿನ ಬಟ್ಟೆಯೇ ಊರಿಗೆಲ್ಲ ಹೇಳ್ತಿತ್ತು, ಇವನಿಗೆ ಕೊಡಬೇಡಿ ಅಂತ. ಮರ್ಯಾದೆ ಇತ್ತು. ಕೊನೆಗೊಂದು ದಿನಾಂಕ ಇತ್ತು. ನಿನ್ನ ಮನಸ್ಸು ಅವಾಗ ಗಟ್ಟಿ, ಈಗ ಮೆತ್ತಗೆ ಅಂತಲ್ಲ. ಅವಾಗ ನಿನ್ನ ಸಂಜೆ ತುಂಬಿತ್ತು, ಈಗ ಖಾಲಿ ಇದೆ. ಕುಡಿತ ಬಿಟ್ಟಿದ್ದೀಯ, ಅದರ ಜಾಗಕ್ಕೆ ಏನೂ ತಂದಿಲ್ಲ. ಮನೆಗೆ ಬಂದು ಏನು ಮಾಡ್ತೀಯ?

— ಮೊಬೈಲ್ ನೋಡ್ತೀನಿ. ರೀಲ್ಸ್.

— ಒಬ್ಬನೇ?

— ಒಬ್ಬನೇ. ಹೆಂಡತಿ ಅಡುಗೆಮನೆಯಲ್ಲಿರ್ತಾಳೆ. ಮಗಳು ಓದ್ತಿರ್ತಾಳೆ. ನಾನು ಹತ್ತಿರ ಹೋದ್ರೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾಗ್ತಾರೆ. ಮೂಸಿ ನೋಡ್ತಾರೆ ಅಣ್ಣ. ಗೊತ್ತಾಗುತ್ತೆ. ಬಿಟ್ಟ ಮೇಲೂ ಮೂಸ್ತಾರೆ.

— ನೋವಾಗುತ್ತಲ್ಲ?

— ಒಂದೊಂದು ಸಲ, ಹೇಗೂ ಕುಡಿದಿದ್ದಾನೆ ಅಂತಲೇ ಅಂದ್ಕೊಳ್ತಾರಲ್ಲ, ಕುಡಿದೇ ಬಿಡೋಣ ಅನ್ನಿಸುತ್ತೆ.

— ಆ ಮಾತಿನ ಬಗ್ಗೆ ಹುಷಾರಾಗಿರು. ಬೇರೆ ಯೋಚನೆಗಳು ಬರೀ ಆಸೆ. ಇದು ಕಾರಣ ಹುಡುಕೋ ಯೋಚನೆ. ಹೆಂಡತಿಯನ್ನ ದೂರೋಕೆ ಹೋಗ್ಬೇಡ. ಹತ್ತು ವರ್ಷ ರಾತ್ರಿ ಬಾಗಿಲ ಸದ್ದಿಗೆ ಎದೆ ಹೊಡ್ಕೊಂಡು ಕೂತವಳು. ನಿನ್ನ ಬಾಯಲ್ಲಿ ಆರೂವರೆಗೆ ನೀರು ಬರೋ ಹಾಗೇ ಅವಳ ಮೂಗೂ ಕಲಿತಿದೆ. ಅದಕ್ಕೂ ಕಾಲ ಬೇಕು. ಯೋಚನೆ ಬರುತ್ತೆ ಅಂತ ಅವಳಿಗೆ ಹೇಳಿದ್ದೀಯಾ?

— ಹೇಳಿದ್ರೆ ಹೆದರ್ತಾಳೆ. ಮತ್ತೆ ಶುರು ಮಾಡ್ತಾನೆ ಅಂದ್ಕೊಳ್ತಾಳೆ.

— ಹೇಳದಿದ್ರೂ ಹೆದರ್ಕೊಂಡೇ ಇದ್ದಾಳೆ, ಯಾವಾಗ ಹೆದರಬೇಕು ಅಂತ ಗೊತ್ತಿಲ್ಲದೆ ಇಡೀ ಹೊತ್ತು ಹೆದರ್ತಿದ್ದಾಳೆ. ‘ಇವತ್ತು ಬಸ್‌ಸ್ಟ್ಯಾಂಡ್ ಹತ್ರ ಆಸೆ ಆಯ್ತು, ಹೋಗಲಿಲ್ಲ, ಸೀದಾ ಬಂದೆ’ ಅಂತ ನೀನೇ ಹೇಳಿದ್ರೆ ಅವಳಿಗೆ ಮೂಸೋ ಕೆಲಸ ಕಮ್ಮಿ ಆಗುತ್ತೆ. ಮೊದಲ ದಿನ ಅಳಬಹುದು. ಅಳಲಿ.

— ಅವಳ ಅಕ್ಕ ಒಂದು ಮಾತ್ರೆ ಹೇಳಿದ್ದಾಳಂತೆ. ಸಾರಿಗೆ ಹಾಕಿದ್ರೆ ಗೊತ್ತೇ ಆಗೋದಿಲ್ಲವಂತೆ.

— ಅಯ್ಯೋ, ಅದನ್ನ ಇವತ್ತೇ ನಿಲ್ಲಿಸು. ನಾನು ಔಷಧಿ ಕಿಟಕಿಯಲ್ಲಿ ಕೂತು ಇದಕ್ಕೆ ಎಷ್ಟು ಜನರ ಹತ್ರ ವಾದ ಮಾಡಿದ್ದೀನಿ! ಆ ಮಾತ್ರೆ ಡೈಸಲ್ಫಿರಾಮ್. ಡೆನ್ಮಾರ್ಕಿನ ಹಾಲ್ಡ್, ಜೇಕಬ್ಸನ್ ಅನ್ನೋ ಇಬ್ಬರು ಹೊಟ್ಟೆಹುಳಕ್ಕೆ ಔಷಧಿ ಹುಡುಕ್ತಾ ಅದನ್ನ ತಾವೇ ನುಂಗಿ ನೋಡಿದ್ರು. ಆಮೇಲೆ ಸ್ವಲ್ಪ ಮದ್ಯ ತಗೊಂಡಾಗ ಮುಖ ಕೆಂಪೇರಿ, ಎದೆ ಬಡ್ಕೊಂಡು, ವಾಕರಿಕೆ ಬಂತು. ಅದರಿಂದ 1948ರಲ್ಲಿ ಈ ಚಿಕಿತ್ಸೆ ಹುಟ್ತು. ತಿಳಿದು, ಒಪ್ಪಿ, ಡಾಕ್ಟರ ಕಣ್ಣೆದುರು ತಗೊಂಡವರಿಗೆ ಅದು ಒಂದು ಬೇಲಿ. ತಿಳಿಯದೆ ತಿಂದು ಮೇಲೆ ಕುಡಿದ್ರೆ ರಕ್ತದೊತ್ತಡ ಕುಸಿದು ಪ್ರಾಣ ಹೋಗಬಹುದು. ಮತ್ತೆ ಅದು ಆಸೆ ಕಮ್ಮಿ ಮಾಡೋದೇ ಇಲ್ಲ, ಹೆದರಿಕೆ ಮಾತ್ರ ಹುಟ್ಟಿಸುತ್ತೆ. ಆಸೆಯನ್ನೇ ತಗ್ಗಿಸೋ ಮಾತ್ರೆಗಳು ಬೇರೆ ಇವೆ, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್. ಎಲ್ಲರಿಗೂ ಹೊಂದೋದಿಲ್ಲ, ಲಿವರು, ಕಿಡ್ನಿ ನೋಡಿ ಕೊಡಬೇಕು. ಡಾಕ್ಟರ ಹತ್ರ ಹೋದಾಗ ‘ನನಗೆ ಸಂಜೆ ಆಸೆ ತಡೆಯೋಕಾಗ್ತಿಲ್ಲ’ ಅಂತ ಬಾಯಿಬಿಟ್ಟು ಕೇಳು. ನಿದ್ದೆ ಬರ್ತಿಲ್ಲ ಅನ್ನೋದನ್ನೂ ಹೇಳು. ಮೆಡಿಕಲ್ ಶಾಪಿನಲ್ಲಿ ನೀನೇ ನಿದ್ದೆ ಮಾತ್ರೆ ತಗೋಬೇಡ, ಅದು ಇನ್ನೊಂದು ಚಟ.

— ಡಾಕ್ಟರು ಎರಡು ನಿಮಿಷ ಕೊಟ್ರೆ ಹೆಚ್ಚು.

— ಹಾಗಾದ್ರೆ ಬರೆದುಕೊಂಡು ಹೋಗು. ಮಧ್ಯರಾತ್ರಿ ಯಾರೂ ಇಲ್ಲ ಅನ್ನಿಸಿದ್ರೆ ಟೆಲಿ ಮಾನಸ್ ಇದೆ, 14416. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದಿದೆ. ನಿಮ್ಹಾನ್ಸಿನಲ್ಲೇ ಈ ಕಾಯಿಲೆಗೆ ಬೇರೆ ವಿಭಾಗ ಇದೆ. ಹಾಂ, ಕಾಯಿಲೆ ಅಂದೆ. ನಾನು ಹಾಗೇ ಕರೆಯೋದು.

— ಅಣ್ಣ, ಒಂದು ವಿಚಿತ್ರ ಹೇಳ್ಲಾ? ಕಷ್ಟ ಇದ್ದಾಗ ಆಸೆ ಆದ್ರೆ ಅರ್ಥ ಆಗುತ್ತೆ. ಹೋದ ವಾರ ಮಗಳು ಪರೀಕ್ಷೆಯಲ್ಲಿ ಕ್ಲಾಸಿಗೇ ಮೊದಲು ಬಂದಳು. ಆ ಖುಷಿಗೇ ಬಂತು, ಬೇಜಾರಿಗಿಂತ ಜೋರಾಗಿ. ಅವಳು ಅಂಕಪಟ್ಟಿ ಹಿಡ್ಕೊಂಡು ನಿಂತಿದ್ದಾಳೆ, ನನಗೆ ನೈಂಟಿ ನೆನಪಾಗ್ತಿದೆ. ಎಂಥ ಅಪ್ಪ ನಾನು ಅನ್ನಿಸ್ತು.

— ಖುಷಿಗೂ ನಮಗೆ ಅದೊಂದೇ ದಾರಿ ಗೊತ್ತಿತ್ತಲ್ಲ. ಮಳೆ ಬಂದ್ರೆ, ಮ್ಯಾಚ್ ಗೆದ್ರೆ, ಯಾರಾದ್ರೂ ಸತ್ರೆ, ಸಂಬಳ ಬಂದ್ರೆ. ಖುಷಿಯ ಹೊತ್ತು ಹೆಚ್ಚು ಅಪಾಯ ಅನ್ನೋದನ್ನ ನಾನೂ ಒಪ್ತೀನಿ, ಯಾಕಂದ್ರೆ ಆಗ ಎಚ್ಚರಿಕೆ ಇರೋದಿಲ್ಲ. ಆ ಯೋಚನೆ ಏನು ತೋರಿಸುತ್ತೆ ಗಮನಿಸಿದ್ದೀಯಾ? ತಣ್ಣಗಿನ ಲೋಟ, ಉಪ್ಪಿನಕಾಯಿ, ಕಡ್ಲೆಬೀಜ, ಮೊದಲ ಗುಟುಕು. ಅಲ್ಲಿಗೆ ನಿಂತುಬಿಡುತ್ತೆ. ಮುಂದಿನದ್ದನ್ನ ಯಾವತ್ತೂ ತೋರಿಸೋದಿಲ್ಲ. ಅದನ್ನ ನೀನೇ ಹಟ ಹಿಡಿದು ನೆನಪಿಸ್ಕೋಬೇಕು. ನಿನ್ನದೇ ಒಂದು ಬೆಳಗ್ಗೆಯನ್ನ ಆರಿಸ್ಕೋ.

— ನನಗೆ ಒಂದು ಬೆಳಗ್ಗೆ ಸಾಕು. ಏಣಿ ಮೇಲೆ ನಿಂತಿದ್ದೆ, ಮೇನ್ ಬೋರ್ಡ್ ತೆರೆದಿತ್ತು. ಕೈ ನಡುಗೋಕೆ ಶುರುವಾಯ್ತು. ಸ್ಕ್ರೂಡ್ರೈವರು ಫೇಸ್‌ಗೆ ತಗುಲಿ ಕಿಡಿ ಹಾರ್ತು. ಕೆಳಗೆ ನನ್ನ ಹುಡುಗ, ಹತ್ತೊಂಬತ್ತು ವರ್ಷದವನು, ಏಣಿ ಹಿಡ್ಕೊಂಡಿದ್ದ. ಅವನಿಗೆ ಹೊಡೆದಿದ್ರೆ? ಇಳಿದು ಬಂದು ಏನು ಮಾಡಿದೆ ಗೊತ್ತಾ, ಕೈ ನಿಲ್ಲೋಕೆ ಅಂತ ಟೆಟ್ರಾ ಪ್ಯಾಕ್ ತಂದು ಅಲ್ಲೇ ಕುಡಿದೆ.

— ಅದೇ. ಆಸೆ ಮೊದಲ ಗುಟುಕನ್ನ ತೋರಿಸಿದಾಗ ನೀನು ಆ ಏಣಿ ತನಕ ನೋಡು. ನಿನ್ನನ್ನ ಶಿಕ್ಷಿಸ್ಕೊಳ್ಳೋಕಲ್ಲ, ಅರ್ಧ ಕಥೆ ಕೇಳಿ ಮೋಸ ಹೋಗದೇ ಇರೋಕೆ.

— ಅಂಗಡಿಯೇ ಇಲ್ಲದಿದ್ರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತೆ. ನಮ್ಮ ದಾರಿಯಲ್ಲೇ ಮೂರಿವೆ.

— ನನ್ನ ಕಾಲದಲ್ಲಿ ಹಳ್ಳಿ ಹಳ್ಳಿಗೆ ಸಾರಾಯಿ ಅಂಗಡಿ ಇತ್ತು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸ್ತು. ಹೆಣ್ಣುಮಕ್ಕಳು ಎಷ್ಟು ವರ್ಷ ಹೋರಾಡಿದ್ರು ಅದಕ್ಕೆ! ಒಳ್ಳೇದೇ ಆಯ್ತು. ಆದ್ರೆ ಕುಡೀತಿದ್ದವರ ಸಂಜೆ ಹಾಗೇ ಉಳೀತು, ಅವರು ಅಗ್ಗದ ವಿಸ್ಕಿ, ರಮ್ಮಿಗೆ ಹೋದ್ರು. ಅಂಗಡಿ ಮುಚ್ಚಿಸೋದು ನಿನ್ನ ಕೈಯಲ್ಲಿಲ್ಲ, ದಾರಿ ಬದಲಿಸೋದು ನಿನ್ನ ಕೈಯಲ್ಲಿದೆ. ಕೆರೆ ಏರಿ ಮೇಲೆ ಬಾ, ಹತ್ತು ನಿಮಿಷ ಹೆಚ್ಚಾಗ್ಲಿ. ಇನ್ನೊಂದು, ಐದೂವರೆಗೇ ಹೊಟ್ಟೆಗೆ ಏನಾದ್ರೂ ಹಾಕು. ಬಾಳೆಹಣ್ಣೋ, ಅವಲಕ್ಕಿಯೋ, ಬೆಲ್ಲ ಹಾಕಿದ ಕಷಾಯವೋ. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕರ ಹೊತ್ತಿಗೇ ಆಸೆ ಜಾಸ್ತಿ ಅನ್ನೋದು ಎಲ್ಲ ಕಡೆ ಬಿಟ್ಟವರು ಹೇಳೋ ಮಾತು. ನಿನಗೆ ಆರೂವರೆಗೆ ನಾಲ್ಕೂ ಒಟ್ಟಿಗೇ ಇರ್ತವೆ.

— ಸಿಹಿ ತಿನ್ಬೇಕು ಅಂತ ಬಹಳ ಆಗ್ತಿದೆ.

— ತಿನ್ನು, ಸಕ್ಕರೆ ಕಾಯಿಲೆ ಇಲ್ಲ ತಾನೇ? ಈಗ ಅದಕ್ಕೆ ತಲೆ ಕೆಡಿಸ್ಕೋಬೇಡ. ಸಂಜೆಯ ವಿಷಯಕ್ಕೆ ಬರ್ತೀನಿ. ಮಾಲೆ ಕೊಟ್ಟದ್ದನ್ನ ಮಾಲೆ ಇಲ್ಲದೆ ಕಟ್ಕೋಬೇಕು. ಧರ್ಮಸ್ಥಳದವರು ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ಮಾಡ್ತಾರಲ್ಲ, ಅದು ಮುಗಿಸಿದವರು ನವಜೀವನ ಸಮಿತಿ ಅಂತ ಮಾಡ್ಕೊಂಡು ಸೇರ್ತಾರೆ. ದೊಡ್ಡ ಊರಲ್ಲಿ ಎ.ಎ. ಸಭೆ ಇದೆ. ಅಲ್ಲಿ ನೀನು ‘ಇವತ್ತು ಆಸೆ ಆಯ್ತು’ ಅಂದ್ರೆ ಯಾರೂ ಮೂಸೋದಿಲ್ಲ, ‘ನನಗೂ ಆಯ್ತು’ ಅಂತಾರೆ. ಆ ಎರಡು ಪದ ಕೇಳೋಕೇ ನಾನು ಇವತ್ತಿಗೂ ಹೋಗೋದು. ವಾರಕ್ಕೆ ಒಂದು ಸಂಜೆ ಅಲ್ಲಿಗೆ ಬಾ. ಉಳಿದ ಸಂಜೆ ಏನು ಮಾಡ್ತೀಯ?

— ಗುಡಿಯಲ್ಲಿ ಭಜನೆ ವರ್ಷವಿಡೀ ಶನಿವಾರ ಇರುತ್ತೆ. ಮಾಲೆ ತೆಗೆದ ಮೇಲೆ ನಾನು ಯಾವತ್ತೂ ಹೋಗಿಲ್ಲ. ತಾಳ ಚೆನ್ನಾಗಿ ಹಾಕ್ತೀನಿ. ಮತ್ತೆ ಮಗಳ ಸೈಕಲ್ಲು... ಅವಳಿಗೆ ಬರೋದಿಲ್ಲ. ಕಲಿಸ್ತೀನಿ ಅಂತ ಎರಡು ವರ್ಷದಿಂದ ಹೇಳ್ತಿದ್ದೀನಿ.

— ಶುರು ಮಾಡು.

— ಇಷ್ಟೆಲ್ಲ ಮಾಡಿಯೂ ಒಂದು ದಿನ ಜಾರಿದ್ರೆ?

— ಜಾರಬೇಕು ಅಂತಿಲ್ಲ. ಜಾರಿದ್ರೆ ಆ ಒಂದು ಪೆಗ್ಗಿಗಿಂತ ಅದರ ನಂತರದ ಮಾತು ಕೆಟ್ಟದ್ದು. ‘ಹೇಗೂ ಹೋಯ್ತು, ಎಲ್ಲ ಮುಗೀತು, ಇನ್ನೇನು’ ಅನ್ನೋ ಮಾತು. ಮಾರ್ಲೆಟ್ ಇದನ್ನೇ ಬಹಳ ಒತ್ತಿ ಹೇಳಿದ. ಒಂದು ಪೆಗ್ಗು ಒಂದು ತಿಂಗಳ ಕುಡಿತ ಆಗೋದು ಆ ನಾಚಿಕೆಯಿಂದ. ಹಾಗಾದ ದಿನ ಬೆಳಗಾಗೋಕೆ ಕಾಯಬೇಡ, ಎಷ್ಟೇ ರಾತ್ರಿ ಆಗಿರಲಿ ನನಗೆ ಫೋನ್ ಮಾಡು. ಡಾಕ್ಟರ್ ಬಾಬ್ ಜಾರಿದ್ದು ಹೇಳಿದೆನಲ್ಲ.

— ಸರಿ. ನಾಡಿದ್ದು ಭಾನುವಾರದ ವಿಷಯ ಹೇಳಿಬಿಡ್ತೀನಿ. ಹೊಸ ಮನೆಯ ಮೋಲ್ಡ್ ಹಾಕೋದಿದೆ. ಪೈಪು, ಬಾಕ್ಸು ಎಲ್ಲ ನಾನು ಕೂರಿಸಿದ್ದು. ಕಾಂಕ್ರೀಟ್ ಹಾಕೋವಾಗ ತುಳಿದು ಒಡೆಯದ ಹಾಗೆ ನೋಡ್ಕೊಳ್ಳೋಕೆ ನಾನು ಅಲ್ಲೇ ಇರ್ಬೇಕು. ಸಂಜೆ ಮುಗಿದ ಕೂಡಲೇ ಮನೆ ಯಜಮಾನರು ಬಿರಿಯಾನಿ, ಬಾಟ್ಲಿ ಕೊಡೋದು ವಾಡಿಕೆ. ಮೇಸ್ತ್ರಿ ನನ್ನ ಲೋಟ ತುಂಬಿಸಿಯೇ ಇಟ್ಟಿರ್ತಾನೆ.

— ಕೊನೇ ಬಾಣಲಿ ಎಷ್ಟೊತ್ತಿಗೆ ಬೀಳುತ್ತೆ?

— ನಾಲ್ಕು, ನಾಲ್ಕೂವರೆ.

— ಪೈಪು ನೋಡೋ ಕೆಲಸ ಅಷ್ಟಕ್ಕೇ ಮುಗೀತು. ಲೆವೆಲ್ ಎಳೆಯೋದು ಅವರ ಕೆಲಸ. ನೀನು ಅಲ್ಲಿಂದ ಆಗಲೇ ಹೊರಡು. ಮಧ್ಯಾಹ್ನಕ್ಕೆ ಮನೆಯಿಂದ ಊಟ ಕಟ್ಟಿಸ್ಕೊಂಡು ಹೋಗು, ಬಿರಿಯಾನಿಗೆ ಕಾಯೋ ಹಾಗಿರಬಾರದು. ಕೂಲಿ ದುಡ್ಡು ಕೈಗೆ ಬೇಡ, ಹೆಂಡತಿಯ ಫೋನ್‌ಪೇಗೆ ಹಾಕಿಸು. ಮತ್ತೆ ಮೇಸ್ತ್ರಿಗೆ ಮುಂಚೆಯೇ ಹೇಳಬೇಕು. ಲೋಟ ತುಂಬಿ ಎದುರಿಗಿಟ್ಟ ಮೇಲೆ ಬೇಡ ಅನ್ನೋದು ಎಷ್ಟು ಕಷ್ಟ ಅಂತ ನಿನಗೂ ಗೊತ್ತು, ನನಗೂ ಗೊತ್ತು.

— ಏನಂತ ಹೇಳ್ಲಿ? ಮಾತ್ರೆ ತಗೊಳ್ತಿದ್ದೀನಿ, ಡಾಕ್ಟರು ಬೇಡ ಅಂದಿದ್ದಾರೆ ಅಂತ ಹೇಳ್ಲಾ?

— ಅದೂ ಸುಳ್ಳಲ್ಲ, ಡಾಕ್ಟರು ಬೇಡ ಅಂದೇ ಅಂದಿದ್ದಾರೆ. ಆದ್ರೆ ಅವನು ಒಂದು ವಾರ ಬಿಟ್ಟು ಮಾತ್ರೆ ಮುಗೀತಾ ಅಂತ ಕೇಳ್ತಾನೆ. ಬಿಟ್ಟಿದ್ದೀನಿ, ನನ್ನ ಎದುರು ಬಾಟ್ಲಿ ತೆಗೀಬೇಡ ಅಂತ ನೇರ ಹೇಳೋಕಾಗುತ್ತಾ ನೋಡು.

— ಈಗಲೇ ಮಾಡ್ಲಾ?

— ಈಗಲೇ ಮಾಡು. ನಾನು ಇಲ್ಲೇ ಇರ್ತೀನಿ.

— ರಿಂಗ್ ಆಗ್ತಿದೆ... ಹಲೋ, ಮೇಸ್ತ್ರಿ? ನಾನು. ಭಾನುವಾರ ಮೋಲ್ಡ್ ಇದೆಯಲ್ಲ, ಬರ್ತೀನಿ, ಬೆಳಿಗ್ಗೆ ಆರಕ್ಕೇ ಬರ್ತೀನಿ. ಆದ್ರೆ ಒಂದು ಮಾತು ಮೊದಲೇ ಹೇಳ್ಬೇಕು. ಪಕ್ಕದಲ್ಲಿ ಯಾರಾದ್ರೂ ಇದ್ದಾರಾ? ಇದ್ರೂ ಪರವಾಗಿಲ್ಲ, ಕೇಳಿ.